ಹಳೆಯ ಬೇಸ್‌ಬಾಲ್ ಗ್ಲೌವ್ ಕೊಳ್ಳುವಾಗ ಹೆಸರನ್ನು ಕೊನೆಗೆ ಓದಿ

ಹಳೆಯ ಬೇಸ್‌ಬಾಲ್ ಗ್ಲೌವ್ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅಂಗೈ ಮೇಲೆ ಒತ್ತಿರುವ ಆಟಗಾರನ ಹೆಸರಿಗೆ. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದೂ ಅಲ್ಲಿಯೇ. ಆ ಹೆಸರು ಕಾರ್ಖಾನೆಯ ಅಚ್ಚಿನಿಂದ ಬಂದದ್ದು. ಕಂಪನಿ ಆಟಗಾರನಿಗೆ ಹಣ ಕೊಟ್ಟು ಅವನ ಸಹಿಯ ಅಚ್ಚು ಮಾಡಿಸಿ, ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಮಾಲಿನ ಮೇಲೆ ಒತ್ತುತ್ತಿತ್ತು. ಅದು ಕೈಬರಹದ ಸಹಿಯಲ್ಲ, ಅವನು ಆ ಗ್ಲೌವ್ ತೊಟ್ಟಿದ್ದ ಎಂಬುದಕ್ಕೆ ಪುರಾವೆಯೂ ಅಲ್ಲ. ಆದ್ದರಿಂದ ಪರೀಕ್ಷೆಯ ಕ್ರಮ ಹೀಗಿರಲಿ: ಮೊದಲು ರಚನೆ, ಆಮೇಲೆ ಅಕ್ಷರಗಳು, ಆಮೇಲೆ ಚರ್ಮ ಮತ್ತು ದಾರ, ಕೊನೆಗೆ ಹೆಸರು.

ಹೊಸದಾಗಿ ಶುರು ಮಾಡುವವರು 1950 ಮತ್ತು 60ರ ದಶಕದ ಅಂಗಡಿ ಮಾಡೆಲ್‌ಗಳಿಂದ ಆರಂಭಿಸುವುದು ಒಳ್ಳೆಯದು. ಅವು ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಎಟಕುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಗ್ಯಾರೇಜ್ ಸೇಲ್, ತೀರಿಕೊಂಡವರ ಮನೆಸಾಮಾನು ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ ನೋಡುವುದು ಬಹುಪಾಲು ಇವನ್ನೇ. ಬೆರಳಿಲ್ಲದ 19ನೇ ಶತಮಾನದ ಗ್ಲೌವ್‌ಗಳಿಗೆ ಮೊದಲ ವರ್ಷ ಕೈ ಹಾಕಬೇಡಿ. ನಕಲಿ ಹೆಚ್ಚಿರುವುದು ಅದರಲ್ಲೇ, ಏಕೆಂದರೆ ಎರಡು ತುಂಡು ಚರ್ಮ ಹೊಲಿದು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದರೆ ಅಂಥದ್ದೊಂದು ತಯಾರಾಗುತ್ತದೆ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 365 ನ್ಯಾನೋಮೀಟರ್‌ನ ಯುವಿ ಟಾರ್ಚ್, ಸಣ್ಣ ಎಲ್‌ಇಡಿ ಟಾರ್ಚ್, ಟೇಲರ್ ಟೇಪು, ಮೆತ್ತನೆಯ ಬ್ರಷ್ಷು, ಕಿವಿಗೆ ಬಳಸುವ ಹತ್ತಿ ಕಡ್ಡಿ. ಇಷ್ಟು ಸಾಕು. ಅಗ್ಗದ 395 ನ್ಯಾನೋಮೀಟರ್ ಯುವಿ ಟಾರ್ಚಿನಲ್ಲಿ ನೇರಳೆ ಬೆಳಕೇ ಹೆಚ್ಚಾಗಿ ದಾರದ ಹೊಳಪು ಗೊತ್ತಾಗುವುದಿಲ್ಲ, ಆ ವ್ಯತ್ಯಾಸಕ್ಕೆ ಸ್ವಲ್ಪ ಹೆಚ್ಚು ಕೊಡಿ.

ಯಾವ ಕೈಯದು?

ಬಲಗೈಯಲ್ಲಿ ಎಸೆಯುವವನು ಗ್ಲೌವನ್ನು ಎಡಗೈಗೆ ಹಾಕುತ್ತಾನೆ, ಎಡಚ ಬಲಗೈಗೆ. ಈ ಸರಳ ಸಂಗತಿಯಿಂದಲೇ ಎಷ್ಟೋ ದೊಡ್ಡ ಕಥೆಗಳು ಬಿದ್ದುಹೋಗುತ್ತವೆ. ಹಳೆಯ ದೊಡ್ಡ ಆಟಗಾರರಲ್ಲಿ ಬೇಬ್ ರೂತ್, ಲೂ ಗೆಹ್ರಿಗ್, ಸ್ಟ್ಯಾನ್ ಮ್ಯೂಸಿಯಲ್, ಸ್ಯಾಂಡಿ ಕೋಫ್ಯಾಕ್ಸ್ ಎಡಗೈಯಲ್ಲಿ ಎಸೆಯುತ್ತಿದ್ದವರು. ಮಿಕಿ ಮ್ಯಾಂಟಲ್, ಜೋ ಡಿಮ್ಯಾಜಿಯೊ, ಜಾಕಿ ರಾಬಿನ್‌ಸನ್ ಬಲಗೈಯವರು. ಟೆಡ್ ವಿಲಿಯಮ್ಸ್ ಬ್ಯಾಟ್ ಬೀಸುತ್ತಿದ್ದದ್ದು ಎಡಕ್ಕೆ, ಎಸೆಯುತ್ತಿದ್ದದ್ದು ಬಲಗೈಯಲ್ಲಿ. 'ರೂತ್ ಸ್ವತಃ ಬಳಸಿದ್ದು' ಎಂದು ಯಾರಾದರೂ ಎಡಗೈಗೆ ಹೊಂದುವ ಗ್ಲೌವ್ ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಅಂಗಡಿ ಮಾಡೆಲ್‌ಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ರೂತ್ ಹೆಸರಿನವು ಎರಡೂ ಕೈಗೆ ಬರುತ್ತಿದ್ದವು.

ರಚನೆ ನೋಡಿ ಕಾಲ ಹೇಳುವುದು

ಇದರಲ್ಲಿ ಪಳಗಿದರೆ ಅರ್ಧ ಕೆಲಸ ಆದಂತೆ. ಗ್ಲೌವನ್ನು ಮೇಜಿನ ಮೇಲಿಟ್ಟು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಜಾಗ ನೋಡಿ. ವೆಬ್ ಎಂದು ಕರೆಯುವ ಈ ಭಾಗ ಕಾಲಕಾಲಕ್ಕೆ ಬದಲಾಗಿದೆ.

ಎರಡು ಬೆರಳ ನಡುವೆ ಏನೂ ಇಲ್ಲದೆ, ತೋಟದ ಕೆಲಸದ ಗ್ಲೌವ್‌ಗೆ ಮೆತ್ತೆ ತುಂಬಿದಂತೆ ಕಾಣುವುದನ್ನು ಸಂಗ್ರಾಹಕರು 'ವರ್ಕ್‌ಮನ್' ಮಾದರಿ ಎನ್ನುತ್ತಾರೆ. ಅದು 19ನೇ ಶತಮಾನದ ಕೊನೆಯ ಭಾಗಕ್ಕೆ ಸೇರಿದ್ದು. ಅಂಗೈಯ ಬುಡದಲ್ಲಿ ಅರ್ಧಚಂದ್ರಾಕಾರದ ಮೆತ್ತೆ ಎದ್ದು ಕಂಡರೆ ಅದೇ ಕಾಲದ್ದೋ ಅದರ ಬೆನ್ನಿಗೆ ಬಂದದ್ದೋ ಇರುತ್ತದೆ. ಎರಡು ಬೆರಳ ನಡುವೆ ಸುಮಾರು ಒಂದು ಇಂಚು ಅಗಲದ ಚರ್ಮದ ಪಟ್ಟಿ ಹೊಲಿದಿದ್ದರೆ 20ನೇ ಶತಮಾನದ ಆರಂಭದ ವರ್ಷಗಳು.

ದೊಡ್ಡ ತಿರುವು ಬಂದದ್ದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ (ಬ್ಯಾಟ್ ಬೀಸುವವನಿಗೆ ಚೆಂಡೆಸೆಯುವವನು) ಬಿಲ್ ಡೋಕ್‌ನಿಂದ. ಒಂದೇ ಪಟ್ಟಿಯ ಬದಲು ಹಲವು ಚರ್ಮದ ಲೇಸ್‌ಗಳನ್ನು ಹೆಣೆದು ವೆಬ್ ಮಾಡಿದರೆ ಅಲ್ಲೊಂದು ನಿಜವಾದ ಗುಳಿ ಉಂಟಾಗಿ ಚೆಂಡು ಕೂರುತ್ತದೆ ಎಂದು ಅವನು ರಾಲಿಂಗ್ಸ್ ಕಂಪನಿಗೆ ತೋರಿಸಿಕೊಟ್ಟ. ಪೇಟೆಂಟ್ ಸಿಕ್ಕಿದ್ದು 1922ರಲ್ಲಿ. ಅಲ್ಲಿಯವರೆಗೆ ಗ್ಲೌವ್ ಎಂದರೆ ಕೈಗೆ ಪೆಟ್ಟಾಗದಂತೆ ತಡೆಯುವ ಮೆತ್ತೆ, ಅಲ್ಲಿಂದಾಚೆಗೆ ಚೆಂಡು ಹಿಡಿಯುವ ಸಾಧನ.

ಡೋಕ್ ಗ್ಲೌವ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಡೋಕ್ ದೊಡ್ಡ ಲೀಗ್‌ನಿಂದ (ಅಮೆರಿಕದ ಮೇಜರ್ ಲೀಗ್) ಹೊರಬಂದದ್ದು 1929ರಲ್ಲಿ. ಆದರೆ ಅವನ ಹೆಸರಿನ ಗ್ಲೌವನ್ನು ರಾಲಿಂಗ್ಸ್ 1953ರವರೆಗೂ ಮಾರಿತು. 'ಡೋಕ್ ಹೆಸರಿದೆ, ಆದ್ದರಿಂದ 1920ರದು' ಎನ್ನುವವರು ಮೂವತ್ತು ವರ್ಷ ತಪ್ಪಾಗಿ ಲೆಕ್ಕ ಹಾಕಬಹುದು. ಆಟಗಾರ ಆಡಿದ ವರ್ಷಗಳಿಂದ ಗ್ಲೌವ್‌ನ ವಯಸ್ಸು ಅಂದಾಜು ಮಾಡಬೇಡಿ. ಹೆಸರು ಹೇಳುವುದು ಇದಕ್ಕಿಂತ ಮೊದಲು ತಯಾರಾಗಿರಲಾರದು ಎಂಬುದನ್ನು ಮಾತ್ರ.

ವೆಬ್ ಆದ ಮೇಲೆ ಬೆರಳುಗಳು. ತುದಿಗಳು ಒಂದಕ್ಕೊಂದು ಲೇಸಿನಿಂದ ಕಟ್ಟಿಕೊಳ್ಳದೆ ಬಿಡಿಬಿಡಿಯಾಗಿದ್ದರೆ ಅದು ಸಾಮಾನ್ಯವಾಗಿ 1940ರ ದಶಕ ಅಥವಾ ಅದಕ್ಕೆ ಹಿಂದಿನದು. ಕಟ್ಟಿದ ಬೆರಳು 1940ರ ದಶಕದಲ್ಲಿ ಬಂದು 50ರ ಹೊತ್ತಿಗೆ ಎಲ್ಲೆಡೆ ಹರಡಿತು. ಆದರೆ ಅಗ್ಗದ ಮಕ್ಕಳ ಗ್ಲೌವ್‌ಗಳಲ್ಲಿ ಬಿಡಿ ಬೆರಳು ಇನ್ನೂ ಕೆಲವು ಕಾಲ ಉಳಿದುಕೊಂಡಿತು. ಯಾರಾದರೂ ಆಮೇಲೆ ತೂತು ಮಾಡಿ ಕಟ್ಟಿರುವುದೂ ಉಂಟು. ಆಗ ತೂತಿನ ಅಂಚು ಒರಟಾಗಿರುತ್ತದೆ, ಸಾಲು ನೇರ ಇರುವುದಿಲ್ಲ, ತೂತಿನೊಳಗಿನ ಚರ್ಮ ತಿಳಿ ಬಣ್ಣದಲ್ಲಿ ಕಾಣುತ್ತದೆ. ಹುಡುಕಿ ನೋಡುವವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಕಾರ್ಖಾನೆಯ ಪಂಚ್ ಎಲ್ಲ ತೂತುಗಳನ್ನೂ ಒಂದೇ ಅಳತೆಗೆ ಕತ್ತರಿಸುತ್ತದೆ.

ಮಣಿಕಟ್ಟಿನ ಪಟ್ಟಿಗೆ ಲೋಹದ ಒತ್ತುಗುಂಡಿ ಇದ್ದರೆ ಸಂಗ್ರಾಹಕರು ಅದನ್ನು 'ಬಟನ್ ಬ್ಯಾಕ್' ಎನ್ನುತ್ತಾರೆ. ಎರಡನೇ ಮಹಾಯುದ್ಧಕ್ಕೆ ಹಿಂದಿನವುಗಳಲ್ಲಿ ಇದು ಸಾಮಾನ್ಯ. ಗುಂಡಿಯ ಮೇಲೆ ಕಂಪನಿಯ ಹೆಸರಿರುತ್ತದೆ, ಅದು ಅಂಗೈಯ ಹೆಸರಿಗೆ ತಾಳೆಯಾಗಬೇಕು. ಸ್ಪಾಲ್ಡಿಂಗ್ ಗುಂಡಿ, ಗೋಲ್ಡ್‌ಸ್ಮಿತ್ ಅಂಗೈ ಎಂದರೆ ಎರಡು ಗ್ಲೌವ್ ಸೇರಿಸಿ ಒಂದು ಮಾಡಿದ್ದಾರೆ.

ಯುದ್ಧಾನಂತರದ ಗುರುತುಗಳು ಸುಲಭ. ವಿಲ್ಸನ್ ಕಂಪನಿಯ ಎ2000 ಮಾಡೆಲ್ ಬಂದದ್ದು 1957ರಲ್ಲಿ. ಅಗಲವಾದ, ಚಪ್ಪಟೆಯಾಗಿ ಮಡಚಿಕೊಳ್ಳುವ ಇಂದಿನ ಗ್ಲೌವ್‌ನ ಆಕಾರ ಅಲ್ಲಿಂದ ಗಟ್ಟಿಯಾಯಿತು. ಆರು ಬೆರಳಿನಂತೆ ಕಾಣುವ ರಾಲಿಂಗ್ಸ್ ಟ್ರ್ಯಾಪೀಜ್ ಬಂದದ್ದು 1959ರಲ್ಲಿ. ಕ್ಯಾಚರ್ ಮಿಟ್‌ಗಳಲ್ಲಿ (ಬ್ಯಾಟ್ ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವನ ಗ್ಲೌವ್) ಮಧ್ಯೆ ಮಡಚುವ ಮಾದರಿ ಕಂಡರೆ 1960ರ ದಶಕದ ಉತ್ತರಾರ್ಧ ಅಥವಾ ಈಚಿನದು, ಏಕೆಂದರೆ ರ‍್ಯಾಂಡಿ ಹಂಡ್ಲಿ ಮತ್ತು ಜಾನಿ ಬೆಂಚ್ ಎಂಬ ಕ್ಯಾಚರ್‌ಗಳು ಒಂದೇ ಕೈಯಲ್ಲಿ ಹಿಡಿಯುವ ಶೈಲಿ ರೂಢಿಗೆ ತಂದ ಮೇಲೆ ಅದು ಹರಡಿತು. ಅದಕ್ಕೆ ಮುಂಚಿನವು ದುಂಡಗಿನ ದಿಂಬಿನಂಥವು.

ಗಾತ್ರ ನೋಡಿ ಮೋಸ ಹೋಗಬೇಡಿ. 1920ರ ದೊಡ್ಡವರ ಗ್ಲೌವ್ ಇಂದಿನ ಮಕ್ಕಳ ಗ್ಲೌವ್‌ಗಿಂತ ಚಿಕ್ಕದಾಗಿ ಕಾಣುತ್ತದೆ. ಬೆರಳಿನ ಒಳಗೆ ನಿಮ್ಮ ಬೆರಳು ಹಾಕಿ ನೋಡಿ. ದೊಡ್ಡವರದಾದರೆ ಒಳಗಿನ ಜಾಗ ನಿಮ್ಮ ಬೆರಳಿಗೆ ಸರಿಹೋಗುತ್ತದೆ, ಚರ್ಮ ದಪ್ಪ ಇರುತ್ತದೆ, ಹೊಲಿಗೆಯ ಸಂದಿನಲ್ಲಿ ಸಣ್ಣ ಚರ್ಮದ ಅಂಚುಪಟ್ಟಿ ಕೂಡಿಸಿರುತ್ತಾರೆ.

ಅಕ್ಷರಗಳು ಹೇಳುವುದು

ಲೂಪ್ ಹಿಡಿದು ಎಲ್ಲ ಮುದ್ರೆಗಳನ್ನೂ ಓದಿ, ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮಸುಕಾಗಿದ್ದರೆ ದೀಪ ಆರಿಸಿ, ಎಲ್‌ಇಡಿ ಟಾರ್ಚನ್ನು ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಕಣ್ಣಿಗೆ ಕಾಣದ ಅಕ್ಷರಗಳು ನೆರಳಿನಿಂದ ಎದ್ದು ಬರುತ್ತವೆ.

ಪೇಟೆಂಟ್ ಸಂಖ್ಯೆ ಸಿಕ್ಕಿದರೆ ಅದೃಷ್ಟ. ಅಮೆರಿಕದಲ್ಲಿ ಆಯಾ ವರ್ಷದ ಮೊದಲ ಪೇಟೆಂಟ್ ಸಂಖ್ಯೆ ಹೀಗಿತ್ತು: 1910ರಲ್ಲಿ 945,010, 1920ರಲ್ಲಿ 1,326,899, 1930ರಲ್ಲಿ 1,742,181, 1940ರಲ್ಲಿ 2,185,170, 1950ರಲ್ಲಿ 2,492,944, 1960ರಲ್ಲಿ 2,919,443. ನಿಮ್ಮ ಗ್ಲೌವ್‌ನ ಸಂಖ್ಯೆ ಯಾವ ಎರಡರ ನಡುವೆ ಬೀಳುತ್ತದೋ ಆ ದಶಕದಲ್ಲಿ ಪೇಟೆಂಟ್ ಸಿಕ್ಕಿದೆ. ಗ್ಲೌವ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಹೊಸದಾಗಿರಬಹುದು. ಒಂದಕ್ಕಿಂತ ಹೆಚ್ಚು ಸಂಖ್ಯೆಯಿದ್ದರೆ ದೊಡ್ಡದನ್ನು ಹಿಡಿಯಿರಿ.

ವೃತ್ತದೊಳಗೆ ಆರ್ ಅಕ್ಷರವಿರುವ ಟ್ರೇಡ್‌ಮಾರ್ಕ್ ಚಿಹ್ನೆ ಅಮೆರಿಕದ 1946ರ ಟ್ರೇಡ್‌ಮಾರ್ಕ್ ಕಾಯ್ದೆಯ ನಂತರದ್ದು. '1930ರ ಗ್ಲೌವ್' ಎಂದು ಮಾರುವವರ ಮಾಲಿನಲ್ಲಿ ಆ ಚಿಹ್ನೆ ಕಂಡರೆ ಕೆಳಗಿಡಿ. ಪೆಟ್ಟಿಗೆ ಅಥವಾ ಚೀಟಿಯಲ್ಲಿ ಐದಂಕಿಯ ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್) ಇದ್ದರೆ 1963 ಅಥವಾ ಆಮೇಲಿನದು. 'ಜಪಾನ್' ಎಂದು ಒತ್ತಿದ್ದರೆ ಬಹುತೇಕ 1960ರ ದಶಕದತ್ತ ನೋಡಬೇಕು.

ಕಂಪನಿಯ ಹೆಸರಿನ ರೂಪವೂ ಸಾಕ್ಷಿ. ನ್ಯೂ ಹ್ಯಾಂಪ್‌ಶೈರ್‌ನ ಪ್ಲಿಮತ್ ಊರಿನ ಡ್ರೇಪರ್ ಮತ್ತು ಮೇನಾರ್ಡ್ ಕಂಪನಿ 'ಲಕಿ ಡಾಗ್' ಎಂಬ ನಾಯಿಯ ಗುರುತು ಹಾಕುತ್ತಿತ್ತು. ಆ ಕಂಪನಿ 1930ರ ದಶಕದಲ್ಲಿ ಮುಚ್ಚಿತು. ಸಿನ್‌ಸಿನಾಟಿಯ ಗೋಲ್ಡ್‌ಸ್ಮಿತ್ ಕಂಪನಿ 1930ರ ದಶಕದಲ್ಲಿ ಮ್ಯಾಕ್‌ಗ್ರೆಗರ್ ಜೊತೆ ಸೇರಿತು. ಆದ್ದರಿಂದ ಬರೀ ಗೋಲ್ಡ್‌ಸ್ಮಿತ್, ಎರಡೂ ಹೆಸರು, ಬರೀ ಮ್ಯಾಕ್‌ಗ್ರೆಗರ್ ಎಂಬ ಮೂರು ಹಂತಗಳು ಒಂದರ ಹಿಂದೊಂದು ಬರುತ್ತವೆ. ಟೆಕ್ಸಾಸ್‌ನ ನೊಕೋನಾ ಊರಿನ ಕಂಪನಿ ಗ್ಲೌವ್ ಮಾಡಲು ಶುರು ಮಾಡಿದ್ದು 1934ರಲ್ಲಿ, 1920ರ ನೊಕೋನಾ ಗ್ಲೌವ್ ಎಂಬುದೇ ಇಲ್ಲ. ಜೆ.ಸಿ. ಹಿಗಿನ್ಸ್ ಎಂಬುದು ಆಟಗಾರನ ಹೆಸರಲ್ಲ, ಸಿಯರ್ಸ್ ಅಂಗಡಿಯ ಬ್ರ್ಯಾಂಡು.

ಮಾಡೆಲ್ ಸಂಖ್ಯೆ ಸಿಕ್ಕಿದ ಮೇಲೆ ಹಳೆಯ ಕ್ಯಾಟಲಾಗ್ ಹುಡುಕಿ. ಸ್ಪಾಲ್ಡಿಂಗ್ ಕಂಪನಿ ಪ್ರತಿವರ್ಷ ಹೊರತರುತ್ತಿದ್ದ ಬೇಸ್‌ಬಾಲ್ ಗೈಡ್‌ನ ಜಾಹೀರಾತು ಪುಟಗಳಲ್ಲಿ ಗ್ಲೌವ್‌ಗಳ ಚಿತ್ರ, ಸಂಖ್ಯೆ, ಬೆಲೆ ಎಲ್ಲ ಇವೆ. 1889ರಿಂದ 1939ರವರೆಗಿನ ಹಲವು ಸಂಚಿಕೆಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಡಿಜಿಟಲ್ ರೂಪದಲ್ಲಿ ಉಚಿತವಾಗಿ ಇಟ್ಟಿದೆ. ಮಾರುವವನ ಮಾತಿಗಿಂತ ಆ ಚಿತ್ರವನ್ನು ನಂಬಿ.

ಬಟ್ಟೆಯ ಲೇಬಲ್ ಇದ್ದರೆ ಅದರ ಅಂಚು ಸ್ವಲ್ಪ ಎತ್ತಿ ಒಳಗೆ ನೋಡಿ. ಅಸಲಿಯಾದರೆ ಅಡಿಯ ಚರ್ಮ ಬಿಸಿಲು ಕಾಣದೆ ಮೂಲ ಬಣ್ಣದಲ್ಲಿರುತ್ತದೆ. ಸುತ್ತಲಿನಷ್ಟೇ ಕೊಳೆ ಅಡಿಯಲ್ಲೂ ಇದ್ದರೆ ಲೇಬಲ್ಲನ್ನು ಈಚೆಗೆ ಹೊಲಿದಿದ್ದಾರೆ. ಖಾಲಿ ಸೂಜಿತೂತುಗಳು ಬೇರೆ ಸಾಲಿನಲ್ಲಿ ಕಂಡರಂತೂ ಅನುಮಾನವೇ ಬೇಡ.

ದಾರ, ಲೇಸ್, ಚರ್ಮ

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿ. ಯುದ್ಧಕ್ಕೆ ಮುಂಚಿನ ಹತ್ತಿ ಅಥವಾ ನಾರಿನ ದಾರ ಮಂದವಾಗಿ ಕಾಣುತ್ತದೆ. ನೀಲಿ ಬಿಳುಪಾಗಿ ಫಳಫಳ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿದೆ, ಅದು ಯುದ್ಧಾನಂತರದ ದಾರ. ಇಡೀ ಗ್ಲೌವ್ ಹೊಳೆದರೆ ಡಿಟರ್ಜೆಂಟ್ ಹಾಕಿ ತೊಳೆದಿರಬಹುದು, ಅವಸರದ ತೀರ್ಮಾನ ಬೇಡ. ಒಂದೇ ಬೆರಳಿನ ಹೊಲಿಗೆ ಹೊಳೆದರೆ ಅಷ್ಟು ಮಾತ್ರ ರಿಪೇರಿ ಎಂದರ್ಥ, ನಕಲಿ ಎಂದಲ್ಲ. ದಾರದ ಸಡಿಲ ತುದಿ 2–3 ಮಿಲಿಮೀಟರ್ ಸಿಕ್ಕಿದರೆ ಕತ್ತರಿಸಿ, ಗ್ಲೌವ್‌ನಿಂದ ದೂರ ಒಯ್ದು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್ ಕರಗಿ ಗುಂಡಾಗುತ್ತವೆ. 1950ರ ಗ್ಲೌವ್‌ನಲ್ಲಿ ನೈಲಾನ್ ಇದ್ದರೆ ತಪ್ಪಿಲ್ಲ, 1915ರದ್ದೆಂದು ಹೇಳುವ ಗ್ಲೌವ್‌ನಲ್ಲಿ ಇರುವಂತಿಲ್ಲ.

ಲೇಸ್ ಬದಲಾಗಿರುವುದು ಮಾಮೂಲು. ಲೇಸ್ ಸವೆಯುವ ವಸ್ತು, ಆಡುವವರು ಬದಲಿಸುತ್ತಲೇ ಇದ್ದರು. ಹೊಸ ಲೇಸ್ ಇದ್ದರೆ ಬೆಲೆ ಇಳಿಸಿ ಕೇಳಿ, ಗ್ಲೌವನ್ನೇ ತಿರಸ್ಕರಿಸಬೇಡಿ.

ಸವೆತಕ್ಕೊಂದು ಜಾಡು ಇದೆ, ನಕಲಿ ಮಾಡುವವರು ಎಡವುವುದು ಇಲ್ಲಿ. ಚೆಂಡು ಬಿದ್ದ ಗುಳಿ ಕಪ್ಪಾಗಿ ನುಣುಪಾಗಿರಬೇಕು. ಒಳಗಡೆ, ಅಂಗೈ ತಾಗುವ ಜಾಗದಲ್ಲಿ ಬೆವರಿನ ಕಲೆ ಇರಬೇಕು. 1954ಕ್ಕೆ ಮುಂಚೆ ದೊಡ್ಡ ಲೀಗ್‌ನಲ್ಲೂ ಆಟಗಾರರು ತಮ್ಮ ತಂಡ ಬ್ಯಾಟಿಂಗ್‌ಗೆ ಬಂದಾಗ ಗ್ಲೌವನ್ನು ಮೈದಾನದಲ್ಲೇ ಬಿಟ್ಟು ಬರುತ್ತಿದ್ದರು, ಹಾಗಾಗಿ ಹಿಂಬದಿಯಲ್ಲಿ ಮಣ್ಣಿನ ಉಜ್ಜು ಇದ್ದರೆ ಆಶ್ಚರ್ಯವಿಲ್ಲ. ಬಣ್ಣ ಹಾಕಿ ಹಳೆಯದಾಗಿಸಿದ್ದು ಎಲ್ಲೆಡೆ ಒಂದೇ ಸಮ ಕಪ್ಪಾಗಿರುತ್ತದೆ. ಕೈ ತಾಗದ ಬೆರಳ ಸಂದಿಯಲ್ಲೂ ಅಷ್ಟೇ ಗಾಢ, ಒಳಗಿನ ಲೈನಿಂಗ್ ಮಾತ್ರ ಸ್ವಚ್ಛ. ಒದ್ದೆ ಹತ್ತಿ ಕಡ್ಡಿಯಿಂದ ಮರೆಯ ಜಾಗದಲ್ಲಿ ಒತ್ತಿದರೆ ಬಣ್ಣ ಬಿಡುತ್ತದೆ.

ನಕಲಿ ಮುದ್ರೆ ಹಿಡಿಯುವುದು

ನಿಜವಾದ ಹಳೆಯ ಗ್ಲೌವ್ ಮೇಲೆ ದೊಡ್ಡ ಹೆಸರನ್ನು ಹೊಸದಾಗಿ ಒತ್ತುವುದು ಅತಿ ಲಾಭದ ಮೋಸ. ಚರ್ಮ, ದಾರ, ಗುಂಡಿ ಎಲ್ಲ ಪರೀಕ್ಷೆಯಲ್ಲಿ ಪಾಸಾಗುತ್ತವೆ, ಹೆಸರೊಂದೇ ಸುಳ್ಳು. ಇದಕ್ಕೆ ನಿಧಾನವಾಗಿ ಕೂತು ನೋಡಬೇಕು.

ಕಾರ್ಖಾನೆಯಲ್ಲಿ ಮುದ್ರೆ ಒತ್ತುವುದು ಚರ್ಮ ಇನ್ನೂ ಚಪ್ಪಟೆಯಾಗಿರುವಾಗ, ಹೊಲಿಯುವ ಮೊದಲು, ಗಟ್ಟಿ ಹಲಗೆಯ ಮೇಲೆ. ಆದ್ದರಿಂದ ಅಕ್ಷರಗಳ ಆಳ ಎಲ್ಲ ಕಡೆ ಒಂದೇ ಇರುತ್ತದೆ. ಹೊಲಿದು ಮುಗಿದ ಗ್ಲೌವ್ ಮೇಲೆ ಒತ್ತಿದರೆ ಒಳಗಿನ ಮೆತ್ತೆ ತಗ್ಗುತ್ತದೆ. ಹೆಸರಿನ ನಡುಭಾಗ ಆಳವಾಗಿ ತುದಿಗಳು ತೇಲುತ್ತವೆ, ಇಲ್ಲವೇ ಒಂದು ಬದಿ ಮಸುಕಾಗುತ್ತದೆ. ಓರೆ ಬೆಳಕಿನಲ್ಲಿ ಇದು ಸ್ಪಷ್ಟ.

ಆಮೇಲೆ ಬಿರುಕು. ಮೊದಲು ಮುದ್ರೆ, ಆಮೇಲೆ ವರ್ಷಗಳ ಬಳಕೆ, ಆಮೇಲೆ ಬಿರುಕು: ಇದು ಸಹಜ ಕ್ರಮ. ಬಿರುಕು ಅಕ್ಷರವನ್ನು ಸೀಳಿಕೊಂಡು ಹೋಗಬೇಕು. ಅಕ್ಷರವೇ ಬಿರುಕಿನೊಳಗೆ ಇಳಿದಿದ್ದರೆ ಮುದ್ರೆ ಆಮೇಲಿನದು. ಅಕ್ಷರದ ತಳದಲ್ಲಿ ಸುತ್ತಲಿನ ಚರ್ಮದಷ್ಟೇ ಕೊಳೆ ಇರಬೇಕು. ಗುಳಿಯ ನಟ್ಟನಡುವೆ ಎಲ್ಲ ಸವೆದು ಹೋಗಿರುವಾಗ ಹೆಸರು ಮಾತ್ರ ಚೂಪಾಗಿ ಉಳಿದಿರುವುದು ಆಗದ ಮಾತು.

ಮಸುಕಾದ ಅಸಲಿ ಮುದ್ರೆಗೆ ಪೆನ್ನಿನಿಂದ ಶಾಯಿ ತುಂಬುವವರೂ ಇದ್ದಾರೆ. ಅದು ನಕಲಿ ಅಲ್ಲದಿದ್ದರೂ ವಸ್ತು ಕೆಡುತ್ತದೆ, ಬೆಲೆಯೂ ಬೀಳುತ್ತದೆ. ಲೂಪ್‌ನಲ್ಲಿ ಶಾಯಿ ಗೆರೆ ದಾಟಿರುವುದು ಕಾಣುತ್ತದೆ.

ಕೈಬರಹದ ಸಹಿ

ಇದಕ್ಕೆ ಪೆನ್ನಿನ ಇತಿಹಾಸ ಸಾಕು. ಬಾಲ್ ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ಗೆಹ್ರಿಗ್ ತೀರಿಕೊಂಡದ್ದು 1941ರಲ್ಲಿ, ಅವನ ಸಹಿ ಬಾಲ್ ಪೆನ್ನಿನಲ್ಲಿ ಇರಲಾರದು. ರೂತ್ ಸತ್ತದ್ದು 1948ರ ಆಗಸ್ಟ್‌ನಲ್ಲಿ, ಅವನ ಬಾಲ್ ಪೆನ್ನಿನ ಸಹಿಗೆ ಕೊನೆಯ ಮೂರು ವರ್ಷ ಮಾತ್ರ ಅವಕಾಶ. ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ. ಶಾಯಿ ಚರ್ಮದ ಬಿರುಕಿನೊಳಗೆ ಹರಿದು ಕವಲೊಡೆದಿದ್ದರೆ ಚರ್ಮ ಹಳತಾದ ಮೇಲೆ ಬರೆದದ್ದು. ಆಟಗಾರ ಅಷ್ಟು ಕಾಲ ಬದುಕಿದ್ದನೇ ಎಂದು ಲೆಕ್ಕ ಹಾಕಿ.

'ಆಟದಲ್ಲಿ ಬಳಸಿದ್ದು' ಎಂದರೆ

ಇದು ಬೇರೆಯೇ ಲೋಕ. 2023ರಲ್ಲಿ ರೂತ್ ಬಳಸಿದ ಗ್ಲೌವೊಂದು ಹರಾಜಿನಲ್ಲಿ 15 ಲಕ್ಷ ಡಾಲರ್ ದಾಟಿತು. ಅದನ್ನು ರೂತ್ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಜಿಮ್ಮಿ ಆಸ್ಟಿನ್‌ಗೆ ಕೊಟ್ಟಿದ್ದ, ಅಂದರೆ ಆಟಗಾರನ ಕೈಯಿಂದ ಹೊರಟ ದಾರಿ ಗೊತ್ತಿತ್ತು. ಬೆಲೆ ಬಂದದ್ದು ಆ ದಾರಿಗೆ. ನಿಮ್ಮ ಮುಂದಿರುವ ಗ್ಲೌವ್‌ಗೆ ಕನಿಷ್ಠ ಇವು ಬೇಕು: ಸರಿಯಾದ ಕೈ, ಆ ಆಟಗಾರ ಆ ವರ್ಷ ಬಳಸುತ್ತಿದ್ದ ಕಂಪನಿ ಮತ್ತು ಮಾಡೆಲ್, ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಕಾಗದ, ಸಾಧ್ಯವಾದರೆ ಲೇಸಿನ ಗಂಟು ಅಥವಾ ಕಲೆ ಹೊಂದುವ ಹಳೆಯ ಫೋಟೊ. 'ನಮ್ಮಜ್ಜನಿಗೆ ಅವರೇ ಕೊಟ್ಟದ್ದು' ಎಂಬ ಪತ್ರವೊಂದೇ ಇದ್ದರೆ ಅಂಗಡಿ ಮಾಡೆಲ್‌ನ ಬೆಲೆಗಿಂತ ಒಂದು ಡಾಲರ್ ಹೆಚ್ಚು ಕೊಡಬೇಡಿ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಕೇಳಬೇಕಾದ ಫೋಟೊಗಳು

ಅಂಗೈ, ಹಿಂಬದಿ, ಗುಂಡಿ ಅಥವಾ ಬಕಲ್, ವೆಬ್‌ನ ಬುಡ, ಮಣಿಕಟ್ಟಿನ ಒಳಗಿನ ಲೈನಿಂಗ್, ಓರೆ ಬೆಳಕಿನಲ್ಲಿ ಪ್ರತಿ ಮುದ್ರೆ. ಲೈನಿಂಗ್ ಫೋಟೊ ಕೊಡಲು ಹಿಂಜರಿದರೆ ಒಳಗೆ ಹರಿದಿದೆ ಎಂದೇ ತಿಳಿಯಿರಿ. ಆಟಗಾರನ ಚಿತ್ರವಿರುವ ರಟ್ಟಿನ ಪೆಟ್ಟಿಗೆ ಜೊತೆಗಿದ್ದರೆ ಪೆಟ್ಟಿಗೆಯ ತುದಿಯ ಮಾಡೆಲ್ ಸಂಖ್ಯೆ ಗ್ಲೌವ್‌ಗೆ ತಾಳೆಯಾಗಬೇಕು. ಪೆಟ್ಟಿಗೆಯೇ ಕೆಲವೊಮ್ಮೆ ಗ್ಲೌವ್‌ಗಿಂತ ಬೆಲೆಬಾಳುವುದರಿಂದ ಬೇರೆ ಬೇರೆ ಕಡೆಯವನ್ನು ಜೋಡಿಸುತ್ತಾರೆ. ಕಳಿಸುವಾಗ ಮಡಚದೆ, ಬೆರಳುಗಳಿಗೆ ಆಮ್ಲರಹಿತ ಟಿಶ್ಯೂ ತುಂಬಿ, ರಟ್ಟಿನ ಡಬ್ಬದಲ್ಲಿ ಹಾಕಲು ಹೇಳಿ.

ಮನೆಗೆ ತಂದ ಮೇಲೆ

ಎಣ್ಣೆ ಹಚ್ಚಬೇಡಿ. ಆಡುವ ಗ್ಲೌವ್‌ಗೆ ಹೇಳಿದ ಉಪಚಾರ ಸಂಗ್ರಹದ ಗ್ಲೌವ್‌ಗೆ ಹೊಂದುವುದಿಲ್ಲ. ದನದ ಕಾಲಿನಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ ಚರ್ಮವನ್ನು ಕಪ್ಪಾಗಿಸಿ ಮುದ್ರೆಯನ್ನು ನುಂಗುತ್ತದೆ, ಒಮ್ಮೆ ಒಳಗಿಳಿದ ಎಣ್ಣೆಯನ್ನು ತೆಗೆಯಲು ಬರುವುದಿಲ್ಲ. ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ, ಅಷ್ಟೇ. ಲೇಸ್ ತೂತಿಗೆ ಕೂಡಿಸಿದ ಹಿತ್ತಾಳೆ ಬಳೆಯ ಸುತ್ತ ಹಸಿರು ಮೇಣದಂತೆ ಕೂತಿರುವುದು ಕಿಲುಬು, ತಾಮ್ರ ಚರ್ಮದ ಜಿಡ್ಡಿನ ಜೊತೆ ಕೂಡಿ ಆದದ್ದು. ಮರದ ಟೂತ್‌ಪಿಕ್‌ನಿಂದ ಕೆರೆದು ತೆಗೆಯಿರಿ, ಲೋಹದ ಪಾಲಿಶ್ ಬೇಡ.

ಮುಟ್ಟಿದರೆ ಕೆಂಪು ಪುಡಿ ಉದುರುವ ಚರ್ಮ ಒಳಗಿಂದ ಆಮ್ಲದಿಂದ ಕೊಳೆತಿದೆ. ಮತ್ತೆ ಮೊದಲಿನಂತಾಗುವುದಿಲ್ಲ. ಕ್ಲೂಸೆಲ್ ಜಿ ಎಂಬ ಗಟ್ಟಿಗೊಳಿಸುವ ದ್ರಾವಣವನ್ನು ತೆಳ್ಳಗೆ ಸವರಿದರೆ ಪುಡಿ ನಿಲ್ಲುತ್ತದೆ. ನೀರಿನ ಕಂಡಿಷನರ್ ಹಚ್ಚಿದರೆ ಆ ಚರ್ಮ ಕಪ್ಪಾಗಿ ಸೆಟೆದುಕೊಳ್ಳುತ್ತದೆ.

ಊರಿಗೆ ತಂದಿಟ್ಟುಕೊಳ್ಳುವವರಿಗೆ ದೊಡ್ಡ ಶತ್ರು ಮಳೆಗಾಲ. ಮಂಗಳೂರು, ಉಡುಪಿ, ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಬೀರುವಿನಲ್ಲಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ತೇವಾಂಶ ಶೇಕಡ 45ರಿಂದ 55ರೊಳಗೆ ಇರಬೇಕು. ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇಡಿ. ಜೆಲ್ ಬಣ್ಣ ಬದಲಿಸಿದೊಡನೆ ಒಣಗಿಸಿ ಮತ್ತೆ ಹಾಕಿ. ಬೂಷ್ಟು ಬಂದೇ ಬಿಟ್ಟರೆ ಹೊರಗೆ ಗಾಳಿಯಲ್ಲಿ ಒಣಗಿಸಿ, ಬ್ರಷ್ಷಿನಿಂದ ಉದುರಿಸಿ, 70 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಿಂಡಿದ ಬಟ್ಟೆಯಿಂದ ಒತ್ತಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಮರೆಯ ಮೂಲೆಯಲ್ಲಿ ನೋಡಿಕೊಳ್ಳಿ. ಬಿಸಿಲಿಗಿಡಬೇಡಿ, ಚರ್ಮ ಸುರುಟುತ್ತದೆ.

ಒಳಗಿನ ಮೆತ್ತೆ ಉಣ್ಣೆಯ ಫೆಲ್ಟ್ ಆಗಿದ್ದರೆ ಹುಳು ಬರುತ್ತದೆ. ಹೊಸದಾಗಿ ತಂದ ಪ್ರತಿ ಗ್ಲೌವನ್ನೂ ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ತಣ್ಣನೆಯ ಚರ್ಮದ ಮೇಲೆ ನೀರು ಕೂರುತ್ತದೆ. ಲೇಸ್ ತುಂಡಾಗಿ ಹೊಸದು ಹಾಕಲೇಬೇಕಾದರೆ ಹಳೆಯದನ್ನು ಎಸೆಯದೆ ಕಾಗದದ ಲಕೋಟೆಯಲ್ಲಿ ಹಾಕಿ, ಯಾವ ತೂತಿನಿಂದ ಯಾವ ತೂತಿಗೆ ಹೋಗಿತ್ತು ಎಂದು ಚಿತ್ರ ಬರೆದು ಗ್ಲೌವ್ ಜೊತೆಗೇ ಇಡಿ.